ಹಳೆಯ ಮುರಕಲ್ಲಿನ ಮನೆಗೆ ಹೊಸ ಕೋಣೆ: ಖರ್ಚಿನ ಲೆಕ್ಕ ಎಲ್ಲಿಂದ ಶುರು ಮಾಡಬೇಕು?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ವರ್ಕಾಡಿ ಕಡೆಯ ಹಳೆಯ ಮುರಕಲ್ಲಿನ (ಜಂಬಿಟ್ಟಿಗೆಯ) ಮನೆಗಳಲ್ಲಿ ವಿಸ್ತರಣೆಯ ಮಾತು ಹೆಚ್ಚಾಗಿ ಒಂದೇ ಕಾರಣಕ್ಕೆ ಏಳುತ್ತದೆ. ಅಪ್ಪನಿಗೋ ಅಮ್ಮನಿಗೋ ರಾತ್ರಿ ಅಂಗಳ ದಾಟಿ ಬಚ್ಚಲಿಗೆ ಹೋಗುವುದು ಕಷ್ಟವಾಗಿರುತ್ತದೆ. ಒಂದು ಕೋಣೆ, ಅದಕ್ಕೆ ತಾಗಿ ಶೌಚಾಲಯ ಆದರೆ ಸಾಕು ಎಂದು ಹೊರಡುತ್ತೇವೆ. ಆಮೇಲೆ ಅಡುಗೆಮನೆಯೂ ಸೇರುತ್ತದೆ, ಚಾವಡಿಯ ನೆಲ ಸೇರುತ್ತದೆ, ‘ಹೇಗೂ ಕೆಲಸದವರು ಬಂದಿದ್ದಾರೆ’ ಎಂದು ಉಪ್ಪರಿಗೆಯೂ ಸೇರುತ್ತದೆ. ಮೇಸ್ತ್ರಿಯ ಹತ್ತಿರ ನಾವು ಕೇಳುವ ಮೊದಲ ಪ್ರಶ್ನೆ, ‘ಚದರಡಿಗೆ ಎಷ್ಟು?’

ಹೊಸ ಮನೆಗೆ ಆ ಪ್ರಶ್ನೆ ಸರಿ. ಹಳೆಯ ಮನೆಗೆ ಅದು ಉಪಯೋಗಕ್ಕೆ ಬಾರದು. ಗೋಡೆಯ ಒಳಗೆ ಮಣ್ಣಿದೆಯೋ ಸುಣ್ಣವಿದೆಯೋ, ಮಾಡು (ಛಾವಣಿ) ಹೊರುವ ಮರದ ಪಕ್ಕಾಸನ್ನು ಒರಲೆ (ಗೆದ್ದಲು) ತಿಂದಿದೆಯೋ ಇಲ್ಲವೋ, ನೀರು ಎಲ್ಲಿಂದ ಬರುತ್ತದೆ ಎಂಬುದು ಚದರಡಿಯ ದರದಲ್ಲಿ ಕಾಣುವುದಿಲ್ಲ. ಹಳೆಯ ಮನೆಯ ಖರ್ಚನ್ನು ತೀರ್ಮಾನಿಸುವುದು ಎರಡೇ ಸಂಗತಿ: ನೀರು ಮತ್ತು ಭಾರ. ನೀರು ಎಲ್ಲಿಂದ ಒಳಗೆ ಬರುತ್ತದೆ, ಹಳೆಯ ಗೋಡೆ ಎಷ್ಟು ಹೊರಬಲ್ಲದು, ಇವೆರಡು ತಿಳಿದ ಮೇಲೆ ಉಳಿದ ಲೆಕ್ಕ ಕಷ್ಟವಿಲ್ಲ.

ಮಳೆಗಾಲದಲ್ಲೇ ಶುರು ಮಾಡಿ

ಕೆಲಸ ದೀಪಾವಳಿಯ ನಂತರ ಆರಂಭವಾದರೂ ಅದರ ಮೊದಲ ಹೆಜ್ಜೆ ಆಟಿಯಲ್ಲಿ (ಜುಲೈ-ಆಗಸ್ಟಿನ ತುಳು ತಿಂಗಳು). ಜೋರು ಮಳೆಯ ರಾತ್ರಿ ಟಾರ್ಚು ಹಿಡಿದು ಅಟ್ಟ ಹತ್ತಿ ನೋಡಿ. ಎಲ್ಲಿ ತೊಟ್ಟಿಕ್ಕುತ್ತದೆ, ಎಲ್ಲಿ ಪಕ್ಕಾಸು ಕಪ್ಪಾಗಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಗೋಡೆಯ ಬುಡದಲ್ಲಿ ತೇವ ಎಷ್ಟು ಎತ್ತರಕ್ಕೆ ಏರಿದೆ ಎಂದು ಅಳೆದು ದಿನಾಂಕ ಬರೆಯಿರಿ. ಜನವರಿಯಲ್ಲಿ ಬಂದ ಯಾವ ಎಂಜಿನಿಯರಿಗೂ ಈ ಸಂಗತಿಗಳು ಕಾಣುವುದಿಲ್ಲ. ಒಣಗಿದ ಗೋಡೆಗೆ ಬಣ್ಣ ಬಳಿಯಲು ಅಂದಾಜು ಹಾಕಿ ಹೋಗುತ್ತಾರೆ, ಮುಂದಿನ ಜುಲೈಯಲ್ಲಿ ಆ ಬಣ್ಣ ಹೊಪ್ಪಳಿಕೆಯಾಗಿ ಏಳುತ್ತದೆ.

ತೇವ ಕಂಡ ಕೂಡಲೇ ಗೋಡೆಯನ್ನು ದೂರಬೇಡಿ. ಅಂಗಳವನ್ನೊಮ್ಮೆ ನೋಡಿ. ಹಿಂದೆ ಸೆಗಣಿ ಸಾರಿಸುತ್ತಿದ್ದ ಅಂಗಳಕ್ಕೆ ಕಾಂಕ್ರೀಟು, ಅದರ ಮೇಲೆ ಇಂಟರ್‌ಲಾಕ್ ಹಾಸಿ ಪಂಚಾಂಗದ (ಅಡಿಪಾಯದ) ಮಟ್ಟಕ್ಕೇ ಏರಿಸಿದ ಮನೆಗಳು ಎಷ್ಟೋ ಇವೆ. ಮಾಡಿನಿಂದ ಬಿದ್ದ ನೀರು ಹೋಗಲು ದಾರಿಯಿಲ್ಲದೆ ಗೋಡೆಯ ಕಾಲಿಗೆ ನಿಲ್ಲುತ್ತದೆ, ಮುರಕಲ್ಲು ಅದನ್ನು ಹೀರುತ್ತದೆ. ಅಂಗಳದ ಇಳಿಜಾರನ್ನು ಹೊರಕ್ಕೆ ತಿರುಗಿಸಿ, ಗೋಡೆಯಿಂದ ಎರಡಡಿ ದೂರದಲ್ಲಿ ಒಂದು ಕಣಿ (ಚರಂಡಿ) ತೋಡುವುದು ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ ಬಾಬ್ತು. ಫಲ ಅತಿ ಹೆಚ್ಚು. ಪಟ್ಟಿಯಲ್ಲಿ ಇದನ್ನು ಮೊದಲು ಬರೆಯಿರಿ.

ಗೋಡೆಯನ್ನು ಪರೀಕ್ಷಿಸಿ

ಒಳಗಿನ ಒಂದು ಮೂಲೆಯಲ್ಲಿ ಅಂಗೈ ಅಗಲದಷ್ಟು ಗಾರೆ ತೆಗೆಯಿಸಿ. ಕಲ್ಲುಗಳ ನಡುವೆ ಏನಿದೆ ಎಂದು ಉಗುರಿನಿಂದ ಕೆರೆದು ನೋಡಿ. ಉದುರಿದರೆ ಮಣ್ಣು, ಬಿಳಿಯಾಗಿ ಗಟ್ಟಿಯಿದ್ದರೆ ಸುಣ್ಣ, ಬೂದು ಬಣ್ಣವಾದರೆ ಸಿಮೆಂಟು. ಅಜ್ಜನ ಕಾಲದ ಬಹಳಷ್ಟು ಮನೆಗಳಲ್ಲಿ ಮಣ್ಣೇ ಇರುತ್ತದೆ. ಅದು ದೋಷವಲ್ಲ. ಹಂಚಿನ ಮಾಡು ಹೊರಲು ಕಟ್ಟಿದ ಗೋಡೆಗೆ ಅದು ಧಾರಾಳ ಸಾಕು.

ಆದರೆ ಭಾರದ ವ್ಯತ್ಯಾಸ ನೋಡಿ. ನೂರು ಚದರಡಿ ಜಾಗವನ್ನು ಮುಚ್ಚುವ ಹಂಚಿನ ಮಾಡು, ಮರವನ್ನೂ ಸೇರಿಸಿ, ಸುಮಾರು ಅರ್ಧ ಟನ್ ತೂಗುತ್ತದೆ. ಅದೇ ನೂರು ಚದರಡಿಗೆ ಐದು ಇಂಚಿನ ಕಾಂಕ್ರೀಟು ಹಲಗೆ ಹಾಕಿದರೆ ಸುಮಾರು ಮೂರು ಟನ್. ಅದರ ಮೇಲಿನ ನೆಲ, ಗೋಡೆ, ನೀರಿನ ಟ್ಯಾಂಕು ಬೇರೆ. ಸಾವಿರ ಲೀಟರಿನ ಟ್ಯಾಂಕು ತುಂಬಿದರೆ ಅದೇ ಒಂದು ಟನ್. ಅಂದರೆ ಮಣ್ಣಿನಲ್ಲಿ ಕಟ್ಟಿದ ಗೋಡೆಯ ಮೇಲೆ ಅದು ಕಂಡಿದ್ದಕ್ಕಿಂತ ಆರು ಪಟ್ಟು ಹೆಚ್ಚಿನ ಭಾರ ಇಟ್ಟಂತೆ. ‘ಹಳೆ ಕಾಲದ ಗೋಡೆ, ಎಷ್ಟು ಬೇಕಾದರೂ ತಡೆಯುತ್ತದೆ’ ಎಂದು ಹೇಳುವವರನ್ನು ದಯವಿಟ್ಟು ನಂಬಬೇಡಿ.

ನಮ್ಮ ಮನೆಯಲ್ಲೇ ಇದು ಆಯಿತು. ಹಿಂಬದಿಗೆ ಬಚ್ಚಲು ಕೂಡಿಸುವಾಗ ಒಂದು ಗೋಡೆಯ ಖರ್ಚು ಉಳಿಯಲಿ ಎಂದು ಕಾಂಕ್ರೀಟು ಹಲಗೆಯ ಒಂದು ಅಂಚನ್ನು ಹಳೆಯ ಗೋಡೆಯ ಮೇಲೆ ಕೂರಿಸಿದೆವು. ಹೊಸ ಪಂಚಾಂಗ ಮೊದಲ ಮಳೆಗಾಲದಲ್ಲಿ ತುಸು ಇಳಿಯಿತು, ಹಳೆಯದು ಇಳಿಯಲಿಲ್ಲ. ಕೂಡುವ ಜಾಗದಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟು ನೀರು ಅಡುಗೆಮನೆಗೆ ಇಳಿಯಿತು. ಅಂದು ಉಳಿಸಿದ್ದಕ್ಕಿಂತ ಹೆಚ್ಚು ಹಣ ಅದನ್ನು ಸರಿಪಡಿಸಲು ಹೋಯಿತು. ಅಮ್ಮ ಆ ಮಳೆಗಾಲವಿಡೀ ಪಾತ್ರೆ ಇಟ್ಟು ಅಡುಗೆ ಮಾಡಿದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆದ್ದರಿಂದ ನನ್ನ ಮಟ್ಟಿಗೆ ಇದು ನಿಯಮವೇ: ಹೊಸದು ತನ್ನ ಕಾಲಿನ ಮೇಲೆ ತಾನೇ ನಿಲ್ಲಬೇಕು. ಅದಕ್ಕೆ ತನ್ನದೇ ಪಂಚಾಂಗ, ತನ್ನದೇ ನಾಲ್ಕು ಗೋಡೆ ಅಥವಾ ಕಂಬ. ಹಳೆಯ ಗೋಡೆಗೂ ಹೊಸ ಗೋಡೆಗೂ ನಡುವೆ ಒಂದಿಂಚು ಸಂದು ಬಿಟ್ಟು, ಅದರೊಳಗೆ ಮೆತ್ತನೆಯ ತುಂಬಿಕೆ ಹಾಕಿ, ಮೇಲಿನಿಂದ ತಗಡಿನ ಪಟ್ಟಿಯನ್ನು ಹಳೆಯ ಗೋಡೆಯಲ್ಲಿ ಗೀರಿದ ಕಾಲುವೆಯೊಳಗೆ ಸಿಕ್ಕಿಸಿ ಇಳಿಬಿಡಬೇಕು. ಗಾರೆಯಿಂದ ಬೆಸೆದು ‘ಒಂದೇ ಮಾಡಿ’ ಬಿಟ್ಟರೆ ಅದು ಒಂದಾಗಿ ಉಳಿಯುವುದಿಲ್ಲ. ಒಂದು ಗೋಡೆ ಹೆಚ್ಚು ಕಟ್ಟುವ ಖರ್ಚನ್ನು ಧೈರ್ಯವಾಗಿ ಮಾಡಿ.

ಉಪ್ಪರಿಗೆಯ ಆಸೆಯಿದ್ದರೆ ಹಿಂದಕ್ಕೋ ಬದಿಗೋ ಬೆಳೆಯಲು ಜಾಗವಿದೆಯೇ ಎಂದು ಮೊದಲು ನೋಡಿ. ಜಾಗವೇ ಇಲ್ಲದಿದ್ದರೆ, ಉದಾಹರಣೆಗೆ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕೆ ಅಂಗಳ ಹೋದ ಮನೆಗಳಲ್ಲಿ, ಹಳೆಯ ಗೋಡೆಗೆ ತಾಗದಂತೆ ಬೇರೆಯೇ ಕಂಬಗಳನ್ನು ಎಬ್ಬಿಸಿ ಮೇಲಿನ ಅಂತಸ್ತನ್ನು ಅವುಗಳ ಮೇಲೆ ನಿಲ್ಲಿಸಬೇಕು. ಅದಕ್ಕೆ ರಚನಾ ಎಂಜಿನಿಯರರ ನಕ್ಷೆ ಬೇಕೇ ಬೇಕು. ಅವರ ಶುಲ್ಕವನ್ನು ಉಳಿಸಲು ಹೋಗಬೇಡಿ.

ಮಾಡು: ಎಲ್ಲವನ್ನೂ ಕಿತ್ತು ಹಾಕುವ ಮೊದಲು

ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆಮೇಲೆ ಕರಾವಳಿಯ ಹಲವು ಕಾರ್ಖಾನೆಗಳ ಹಂಚು ನಮ್ಮ ಮನೆಗಳ ಮೇಲೆ ಬಂತು. ಹಂಚಿನ ಅಡಿಭಾಗವನ್ನು ತಿರುಗಿಸಿದರೆ ಕಾರ್ಖಾನೆಯ ಮುದ್ರೆ ಕಾಣುತ್ತದೆ. ಇದನ್ನು ನೋಡುವುದಕ್ಕೆ ಕಾರಣವಿದೆ: ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ಅಳತೆ. ಬೇರೆ ಬೇರೆ ಅಚ್ಚಿನ ಹಂಚುಗಳು ಒಂದಕ್ಕೊಂದು ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ, ಆ ಸಂದಿನಲ್ಲೇ ಸೋರುತ್ತದೆ. ಒಡೆದ ಹಂಚಿನ ಜಾಗಕ್ಕೆ ಸಿಕ್ಕಿದ ಹಂಚು ತುರುಕುತ್ತಾ ಬಂದ ಮಾಡು ವರ್ಷ ವರ್ಷ ಸೋರುವುದಕ್ಕೆ ಇದೇ ಕಾರಣ.

ಹಂಚು ಇಳಿಸಿದ ಮೇಲೆ ಪ್ರತಿಯೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು ನೋಡಿಸಿ. ಗಂಟೆಯಂತೆ ಠಣ್ ಎಂದರೆ ಇಡಿ, ಮಂಕಾಗಿ ದನಿಗೊಟ್ಟರೆ ಬಿಡಿ. ಒಳ್ಳೆಯ ಹಳೆಯ ಹಂಚನ್ನೆಲ್ಲ ಮುದ್ರೆ ನೋಡಿ ವಿಂಗಡಿಸಿ ಒಂದು ಇಳಿಜಾರಿಗೆ ಹಾಕಿ, ಹೊಸದನ್ನು ಇನ್ನೊಂದು ಇಳಿಜಾರಿಗೆ ಹಾಕಿ. ಒಂದೇ ಇಳಿಜಾರಿನಲ್ಲಿ ಬೆರೆಸಬೇಡಿ. ಹೀಗೆ ಮಾಡಿದರೆ ಹಂಚಿನ ಖರ್ಚಿನಲ್ಲಿ ದೊಡ್ಡ ಪಾಲು ಉಳಿಯುತ್ತದೆ.

ಮರವನ್ನು ಆಚಾರಿಯ ಜೊತೆ ನೀವೂ ನಿಂತು ನೋಡಿ. ಸುತ್ತಿಗೆಯ ಹಿಂಬದಿಯಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಉಳಿಯಿಂದ ಚುಚ್ಚಿಸಿ. ಗೋಡೆಯೊಳಗೆ ಹುಗಿದ ತುದಿಗಳೇ ಮೊದಲು ಹಾಳಾಗುವುದು. ಹಲಸು, ಹೆಬ್ಬಲಸು, ಕಿರಾಲುಬೋಗಿಯ ತಿರುಳಿನ ಮರವಾದರೆ ತುದಿ ಮಾತ್ರ ಕತ್ತರಿಸಿ ಜೋಡಿಸಿದರೆ ಸಾಕು. ಎಲ್ಲ ಪಕ್ಕಾಸನ್ನೂ ಕಿತ್ತು ಕಬ್ಬಿಣದ ಚೌಕಟ್ಟು ಕೂರಿಸುವುದು ಬೇಗ ಮುಗಿಯುವ ಕೆಲಸ, ಗುತ್ತಿಗೆದಾರರಿಗೂ ಅದೇ ಸುಲಭ. ಅರ್ಧಕ್ಕಿಂತ ಹೆಚ್ಚು ಮರ ಹೋಗಿದ್ದರೆ ನಾನೂ ಅದಕ್ಕೆ ಒಪ್ಪುತ್ತೇನೆ. ಹಂಚು ಮಾತ್ರ ಉಳಿಯಲಿ. ಬರಿಯ ತಗಡು ಹಾಕಿದ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ ಮಲಗಿದವರಿಗೆ ಕಾರಣ ಹೇಳಬೇಕಾಗಿಲ್ಲ.

ಗೋಡೆಯ ಗಾರೆಯ ಬಗ್ಗೆ ಒಂದು ಮಾತು. ಸುಣ್ಣದ ಗಾರೆ ತೇವವನ್ನು ಹೊರಕ್ಕೆ ಉಸಿರಾಡಲು ಬಿಡುತ್ತದೆ. ಅದನ್ನು ಕಿತ್ತು ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲಾರದೆ ಇನ್ನೂ ಮೇಲಕ್ಕೆ ಏರುತ್ತದೆ. ಸುಣ್ಣದ ಗಾರೆ ಗಟ್ಟಿಯಿದ್ದಲ್ಲಿ ಮುಟ್ಟಬೇಡಿ. ಹೋದಲ್ಲಿ ಮಾತ್ರ ಸುಣ್ಣದಿಂದಲೇ ತೇಪೆ ಹಾಕಿಸಿ.

ಕಾಗದಪತ್ರ

ಜಾಗ ಯಾರ ಹೆಸರಿನಲ್ಲಿದೆ? ಪಾಲಾಗದ ಕುಟುಂಬದ ಮನೆಯಾದರೆ ಎಲ್ಲ ಹಕ್ಕುದಾರರ ಒಪ್ಪಿಗೆ ಬರಹದಲ್ಲಿ ಇಲ್ಲದೆ ಒಂದು ಕಲ್ಲೂ ಇಳಿಸಬೇಡಿ. ಮನೆ ಕಟ್ಟಿದ ಮೇಲೆ ಏಳುವ ಪಾಲಿನ ಜಗಳಕ್ಕೆ ಅಂದಾಜುಪಟ್ಟಿಯಲ್ಲಿ ಜಾಗವಿಲ್ಲ. ತೀರ್ವೆ (ಭೂಕಂದಾಯ) ರಶೀದಿಯಲ್ಲಿ ಜಾಗ ‘ನಿಲಂ’ (ಗದ್ದೆ) ಎಂದಿದೆಯೋ ‘ಪುರಯಿಡಂ’ (ಮನೆ, ತೋಟದ ಜಾಗ) ಎಂದಿದೆಯೋ ನೋಡಿ. ಈಗ ತೆಂಗು, ಅಡಿಕೆ ಇದ್ದರೂ ದಾಖಲೆಯಲ್ಲಿ ಗದ್ದೆ ಎಂದಿದ್ದರೆ 2008ರ ಕೇರಳ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆ ಅಡ್ಡಬರುತ್ತದೆ, ಅದನ್ನು ಬಿಡಿಸಿಕೊಳ್ಳಲು ತಿಂಗಳುಗಳು ಬೇಕು.

2019ರ ಕೇರಳ ಪಂಚಾಯತ್ ಕಟ್ಟಡ ನಿಯಮಗಳ ಪ್ರಕಾರ ಬಣ್ಣ, ಗಾರೆ, ಇಳಿಜಾರು ಮಾಡಿನ ಸಣ್ಣ ದುರಸ್ತಿ, ಕಿಟಕಿ ಬಾಗಿಲು ಇಡುವುದು ತೆಗೆಯುವುದು ಇಂಥವಕ್ಕೆ ಪರವಾನಗಿ ಬೇಡ. ಹೊಸ ಕೋಣೆ ಕೂಡಿಸುವುದಕ್ಕೆ ಬೇಕು. ಅರ್ಜಿ ಈಗ ಕೆ-ಸ್ಮಾರ್ಟ್ ಎಂಬ ಸ್ಥಳೀಯ ಸಂಸ್ಥೆಗಳ ಆನ್‌ಲೈನ್ ವ್ಯವಸ್ಥೆಯ ಮೂಲಕ; ಗ್ರಾಮ ಪಂಚಾಯತುಗಳಿಗೆ ಅದು ಬಂದದ್ದು 2025ರ ಏಪ್ರಿಲಿನಲ್ಲಿ. ಪರವಾನಗಿ ಶುಲ್ಕ 2023ರಲ್ಲಿ ಬಹಳ ಏರಿ 2024ರ ಆಗಸ್ಟಿನಲ್ಲಿ ಇಳಿಯಿತು. ಆದ್ದರಿಂದ ನೆರೆಮನೆಯವರು ಕಟ್ಟಿದ ಮೊತ್ತವನ್ನು ನಿಮ್ಮ ಪಟ್ಟಿಯಲ್ಲಿ ಬರೆಯದೆ ಪಂಚಾಯತಿನಲ್ಲೇ ಕೇಳಿ. ಶೌಚಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ ಏಳೂವರೆ ಮೀಟರ್ ದೂರವಿರಬೇಕು. ಮುರಕಲ್ಲಿನ ತೂತುಗಳಲ್ಲಿ ನೀರು ಬೇಗ ಹರಿಯುವುದರಿಂದ ಜಾಗವಿದ್ದರೆ ಇನ್ನೂ ದೂರ ಹೋಗಿ, ನೆರೆಯವರ ಬಾವಿಯನ್ನೂ ಅಳತೆಗೆ ಸೇರಿಸಿ.

ತೆರಿಗೆಯಲ್ಲಿ ಎರಡು ಗೆರೆಗಳನ್ನು ನೆನಪಿಡಿ. 1975ರ ಕೇರಳ ಕಟ್ಟಡ ತೆರಿಗೆ ಕಾಯ್ದೆಯಂತೆ ವಾಸದ ಮನೆ 100 ಚದರ ಮೀಟರ್ (ಸುಮಾರು 1,076 ಚದರಡಿ) ದಾಟಿದರೆ ಒಂದು ಸಲದ ಕಟ್ಟಡ ತೆರಿಗೆ ಬರುತ್ತದೆ. ವಿಸ್ತರಿಸಿದಾಗ ಹಳೆಯದೂ ಹೊಸದೂ ಸೇರಿ ಲೆಕ್ಕ, ಹಿಂದೆ ಕಟ್ಟಿದ್ದರೆ ಅದನ್ನು ಕಳೆಯುತ್ತಾರೆ. 278.7 ಚದರ ಮೀಟರ್ (3,000 ಚದರಡಿ) ದಾಟಿದರೆ ವರ್ಷವರ್ಷವೂ ಇನ್ನೊಂದು ತೆರಿಗೆ (ಐಷಾರಾಮಿ ತೆರಿಗೆ ಎಂದು ಹೆಸರಾದದ್ದು) ಉಂಟು. ನಿಮ್ಮ ಮನೆ ಈ ಗೆರೆಗಳ ಹತ್ತಿರವಿದ್ದರೆ ಕೋಣೆಯನ್ನು ಒಂದಡಿ ಕಿರಿದು ಮಾಡುವುದೇ ಲೇಸಾಗಬಹುದು.

ಪತ್ರಗಳೆಲ್ಲ ಮಲಯಾಳದಲ್ಲಿ ಬರುತ್ತವೆ ಎಂದು ಹಿಂಜರಿಯುವ ಹಿರಿಯರಿಗೆ ಹೇಳಬೇಕಾದದ್ದು: 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಸ್ಥಳೀಯ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ. ಗುತ್ತಿಗೆಯ ಕರಾರನ್ನು ಕನ್ನಡದಲ್ಲೇ ಬರೆಸಿ.

ಅಗೆಯುವ ಮೊದಲು

ಬಾಯಾರು, ಎಣ್ಮಕಜೆ, ಪೈವಳಿಕೆ ಕಡೆಯವರು ಒಂದು ಸಂಗತಿಯನ್ನು ಮರೆಯಬಾರದು: ಸುರಂಗ. ಗುಡ್ಡದ ಬದಿಯ ಮನೆಯ ಹಿಂದೆ, ಕೆಲವೊಮ್ಮೆ ಮನೆಯ ಅಡಿಯಲ್ಲೇ, ಅಜ್ಜಂದಿರು ತೋಡಿಸಿದ ನೀರಿನ ಸುರಂಗ ಹಾದಿರಬಹುದು. ಬಾಯಿ ಮುಚ್ಚಿಹೋಗಿದ್ದರೂ ಒಳಗಿನ ಟೊಳ್ಳು ಹಾಗೇ ಇರುತ್ತದೆ. ಊರಿನ ಹಿರಿಯರನ್ನು ಕೇಳಿ ಅದರ ದಿಕ್ಕನ್ನು ಅಂಗಳದ ಮೇಲೆ ಸುಣ್ಣದಲ್ಲಿ ಎಳೆಯಿರಿ, ಪಂಚಾಂಗವನ್ನು ಅದರಿಂದ ದೂರ ಇಡಿ. ನೀರು ಬರುತ್ತಿರುವ ಸುರಂಗವಾದರೆ ಅದು ಮನೆಯಷ್ಟೇ ಬೆಲೆಬಾಳುವ ಆಸ್ತಿ.

ಹಳೆಯ ಗೋಡೆಯ ಬದಿಗೆ ಪಂಚಾಂಗ ತೋಡುವಾಗ ಹಳೆಯದರ ತಳಕ್ಕಿಂತ ಕೆಳಗೆ ಒಮ್ಮೆಲೇ ಉದ್ದಕ್ಕೆ ಅಗೆಯಬಾರದು. ಅಗೆಯಲೇಬೇಕಾದರೆ ನಾಲ್ಕಡಿ ಅಗೆದು, ಕಟ್ಟಿ, ಆಮೇಲೆ ಮುಂದಿನ ನಾಲ್ಕಡಿ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಮಳೆ ಪೂರ್ತಿ ನಿಂತ ಮೇಲೆಯೇ ಕೈಹಾಕಿ.

ಹೊಸ ಕೋಣೆಗೆ ಬಾಗಿಲು ಬೇಕೆಂದು ಹಳೆಯ ಗೋಡೆಯನ್ನು ಎಲ್ಲೆಂದರಲ್ಲಿ ಒಡೆಯಬೇಡಿ. ಇರುವ ಕಿಟಕಿಯನ್ನೇ ಬಾಗಿಲು ಮಾಡಿ. ಕಿಟಕಿಯ ಮೇಲಿನ ತೊಲೆ ಆಗಲೇ ಭಾರ ಹೊರುತ್ತಿದೆ, ಕೆಳಗಿನ ಗೋಡೆಯನ್ನಷ್ಟೇ ಬಿಡಿಸಿದರೆ ಸಾಕು. ಹೊಸ ಕೋಣೆ ಎಲ್ಲಿ ಬರಬೇಕು ಎಂಬುದನ್ನೇ ಈ ಕಿಟಕಿ ನೋಡಿ ತೀರ್ಮಾನಿಸುವುದು ಜಾಣತನ.

ಈಗ ಲೆಕ್ಕ

ಒಂದು ಮಾದರಿ ತೆಗೆದುಕೊಳ್ಳೋಣ. ಒಳ ಅಳತೆ ಹನ್ನೆರಡಡಿ ಚೌಕ, ಎತ್ತರ ಹತ್ತಡಿ, ಎಂಟಿಂಚಿನ ಗೋಡೆಯ ಒಂದು ಕೋಣೆ. ಬಾಗಿಲು, ಎರಡು ಕಿಟಕಿ ಕಳೆದರೆ ಗೋಡೆಯ ಮುಖ ಸುಮಾರು 455 ಚದರಡಿ. ಕಲ್ಲಿನ ಮುಖ 14 ಇಂಚು ಉದ್ದ, 8 ಇಂಚು ಎತ್ತರವಿದ್ದು ಗಾರೆ ಒಂದೊಂದು ಇಂಚು ಎಂದರೆ ಒಡೆದದ್ದೂ ಸೇರಿ ಸುಮಾರು 515 ಕಲ್ಲು. ಲಾರಿಯಿಂದ ಇಳಿದ ಕಲ್ಲನ್ನು ಟೇಪು ಹಿಡಿದು ಅಳೆಯಿರಿ. ಕಲ್ಲು ಒಂದಿಂಚು ಕಿರಿದಾದರೂ ಸಂಖ್ಯೆ ಏರುತ್ತದೆ, ಗಾರೆಯೂ ಏರುತ್ತದೆ. ಮುರಕಲ್ಲಿನ ಒರಟು ಮೈಗೆ ಬಳಿಯುವ ಗಾರೆ ದಪ್ಪ ಹಿಡಿಯುವುದರಿಂದ ನೂರು ಚದರಡಿಗೆ ಒಂದು ಚೀಲ ಸಿಮೆಂಟು ಎಂದು ಹಿಡಿಯಿರಿ. ಒಳಗೂ ಹೊರಗೂ ಸೇರಿ ಒಂಬತ್ತು ಚೀಲ.

ಎಲ್ಲರೂ ತಪ್ಪುವುದು ಮಾಡಿನಲ್ಲಿ. ಕೋಣೆ 144 ಚದರಡಿ ಎಂದು ಮಾಡನ್ನೂ ಅಷ್ಟೇ ಎಣಿಸುತ್ತಾರೆ. ಗೋಡೆಯ ದಪ್ಪ, ಮೂರು ಬದಿಗೆ ಎರಡೆರಡಡಿ ಇಳಿಮಾಡು, ಮೂವತ್ತು ಡಿಗ್ರಿ ಇಳಿಜಾರು ಎಲ್ಲ ಸೇರಿದರೆ ಮಾಡು ಸುಮಾರು 305 ಚದರಡಿ ಆಗುತ್ತದೆ, ಕೋಣೆಯ ಎರಡರಷ್ಟು! ಚದರ ಮೀಟರಿಗೆ ಹದಿನೈದರಂತೆ, ಒಡೆದದ್ದಕ್ಕೆ ನೂರಕ್ಕೆ ಐದು ಸೇರಿಸಿ 450 ಹಂಚು, ಕೋಡು ಹಂಚು ಬೇರೆ. ಇಳಿಮಾಡನ್ನು ಕಿರಿದು ಮಾಡಿ ಉಳಿಸಲು ಹೋಗಬೇಡಿ. ನಮ್ಮ ಜಡಿಮಳೆಗೆ ಗೋಡೆಯನ್ನು ಕಾಯುವುದು ಅದೇ.

ಈ ಸಂಖ್ಯೆಗಳ ಎದುರು ದರ ಬರೆಯಲು ಮೂರು ಕಡೆ ಕೇಳಿ: ನಿಮ್ಮ ಪೇಟೆಯಲ್ಲಿ, ಕಾಸರಗೋಡಿನಲ್ಲಿ, ಮಂಗಳೂರಿನಲ್ಲಿ. ಸಾಗಾಟ, ಇಳಿಸುವ ಕೂಲಿ ಸೇರಿದ ದರವನ್ನೇ ಬರೆಯಿರಿ. ಕಲ್ಲು, ಮರಳು ಗಡಿ ದಾಟಿ ಬರುವುದಾದರೆ ಸಾಗಣೆ ಪರವಾನಗಿ ಇದೆಯೇ ಎಂದು ಕೇಳಿ, ಇಲ್ಲವಾದರೆ ಅಗ್ಗದ ಲಾರಿ ದಾರಿಯಲ್ಲೇ ನಿಲ್ಲುತ್ತದೆ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ, ಹಳೆಯ ಅಂದಾಜುಪಟ್ಟಿ ಕೈಯಲ್ಲಿದ್ದರೆ ಮತ್ತೆ ಬರೆಸಿ.

ಕೂಲಿಯನ್ನು ಎರಡು ಭಾಗ ಮಾಡಿ. ಹೊಸ ಕೋಣೆಯನ್ನು ಅಳತೆಯ ಗುತ್ತಿಗೆಗೆ ಕೊಡಬಹುದು. ಹಳೆಯ ಭಾಗದ ದುರಸ್ತಿಯನ್ನು ದಿನಗೂಲಿಯಲ್ಲಿ, ನೀವೇ ಎದುರು ನಿಂತು ಮಾಡಿಸಿ. ಗುತ್ತಿಗೆಯಲ್ಲಿ ಬಿಚ್ಚುವವರು ಹಂಚನ್ನೂ ಮರವನ್ನೂ ಜೋಪಾನವಾಗಿ ಇಳಿಸುವುದಿಲ್ಲ, ಅವರಿಗೆ ಹೊತ್ತೇ ಹಣ. ಕೊನೆಗೆ ಬಂದ ಮೊತ್ತಕ್ಕೆ ಹೊಸ ಭಾಗದಲ್ಲಿ ನೂರಕ್ಕೆ ಹತ್ತು, ಹಳೆಯ ಭಾಗದಲ್ಲಿ ನೂರಕ್ಕೆ ಇಪ್ಪತ್ತೈದು ಕೂಡಿಸಿ ಇಡಿ. ವಯರಿಂಗ್ ಬದಲಿಸುವುದನ್ನು, ಸೋರಿಕೆ ವಿದ್ಯುತ್ತನ್ನು ಕಡಿಯುವ ಆರ್‌ಸಿಸಿಬಿಯನ್ನು, ಭೂಸಂಪರ್ಕವನ್ನು ಈ ಮೀಸಲಿನಿಂದ ತೆಗೆಯದೆ ಮೊದಲೇ ಪಟ್ಟಿಗೆ ಸೇರಿಸಿ. ನಮ್ಮ ಸಿಡಿಲಿಗೆ, ಒದ್ದೆ ಗೋಡೆಗೆ ಹಳೆಯ ವಯರು ನಿಜವಾಗಿಯೂ ಅಪಾಯ.

ಹಣ ಯಾವಾಗ ಬರುತ್ತದೆ

ಅಡಿಕೆಯನ್ನು ನಂಬಿದ ಮನೆಯಲ್ಲಿ ಹಣವೂ ಋತುಮಾನದ್ದು. ದರ ಏರಬಹುದೆಂದು ಚಾಲಿಯನ್ನು (ಒಣಗಿಸಿದ ಅಡಿಕೆಯನ್ನು) ಅಟ್ಟದಲ್ಲಿಟ್ಟು ಕೆಲಸ ಶುರು ಮಾಡಬೇಡಿ. ಪಂಚಾಂಗದಿಂದ ಮಾಡು ಮುಚ್ಚುವವರೆಗಿನ ಹಣ ಕೈಯಲ್ಲಿದ್ದರೆ ಮಾತ್ರ ಕಲ್ಲು ಇಳಿಸಿ. ನೆಲದ ಟೈಲ್ಸ್, ಬಣ್ಣ ಮುಂದಿನ ವರ್ಷಕ್ಕೆ ನಿಲ್ಲಬಹುದು, ತೆರೆದ ಗೋಡೆ ನಿಲ್ಲಲಾರದು. ಸಾಲ ತೆಗೆಯುವುದಾದರೆ ಬ್ಯಾಂಕಿನಲ್ಲಿ ಅದು ದುರಸ್ತಿ ಸಾಲವೋ ನಿರ್ಮಾಣದ ಸಾಲವೋ ಎಂದು ಕೇಳಿಕೊಳ್ಳಿ. ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ದುರಸ್ತಿ ಸಾಲದ ಬಡ್ಡಿಗೆ ವರ್ಷಕ್ಕೆ 30,000 ರೂಪಾಯಿವರೆಗೆ ಮಾತ್ರ ವಿನಾಯಿತಿ.

ದಿನಗಳನ್ನು ಹಿಂದಿನಿಂದ ಎಣಿಸಿ. ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಮಾಡು ಮುಚ್ಚಿರಲೇಬೇಕು. ಅದಕ್ಕೆ ಮಾರ್ಚಿನಲ್ಲಿ ಮರದ ಕೆಲಸ, ಜನವರಿಯಲ್ಲಿ ಗೋಡೆ, ಡಿಸೆಂಬರಿನಲ್ಲಿ ಪಂಚಾಂಗ, ಸೆಪ್ಟೆಂಬರಿನಲ್ಲೇ ಪರವಾನಗಿಯ ಅರ್ಜಿ. ಫೆಬ್ರವರಿ ದಾಟಿದರೂ ಪಂಚಾಂಗ ಎದ್ದಿಲ್ಲವಾದರೆ ಆ ವರ್ಷ ಹಳೆಯ ಮಾಡನ್ನು ಬಿಚ್ಚಬೇಡಿ, ಅಂಗಳದ ಕಣಿ ಮತ್ತು ವಯರಿಂಗ್ ಮುಗಿಸಿ ಮುಂದಿನ ದೀಪಾವಳಿಗೆ ಕಾಯಿರಿ.

ಗುತ್ತಿಗೆಯ ಕರಾರಿನಲ್ಲಿ ಒಂದು ಸಾಲು ತಪ್ಪದೆ ಇರಲಿ: ಮೊತ್ತದ ನೂರಕ್ಕೆ ಹತ್ತು ಭಾಗವನ್ನು ಆಟಿ ತಿಂಗಳು ಮುಗಿದ ಮೇಲೆ ಕೊಡಲಾಗುವುದು. ಪ್ರಾಮಾಣಿಕ ಮೇಸ್ತ್ರಿ ಇದಕ್ಕೆ ಬೇಡ ಎನ್ನುವುದಿಲ್ಲ. ಮೊದಲ ಜೋರು ಮಳೆಯ ರಾತ್ರಿ ಅದೇ ಟಾರ್ಚು ಹಿಡಿದು ಹಳೆಯದೂ ಹೊಸದೂ ಕೂಡುವ ಸಂದಿನ ಕೆಳಗೆ ಹೋಗಿ ನಿಲ್ಲಿ. ಹಿಂದಿನ ವರ್ಷ ಸೀಮೆಸುಣ್ಣದಲ್ಲಿ ಹಾಕಿದ ಗುರುತುಗಳನ್ನು ಒಂದೊಂದಾಗಿ ನೋಡುತ್ತಾ ಬನ್ನಿ. ಒದ್ದೆಯಿದ್ದಲ್ಲಿ ಮರುದಿನವೇ ಮೇಸ್ತ್ರಿಯನ್ನು ಕರೆದು ತೋರಿಸಿ.